ಮೀನೂಟದ ಹೋಟೆಲಿನಲ್ಲಿ ಸಾರು ಬಿಟ್ಟಿ

ಮಧ್ಯಾಹ್ನ ಒಂದೂವರೆಗೆ ಮಂಗಳೂರಿನ ಬಂದರು ಕಡೆಯ ಹಳೆಯ ಮೀನೂಟದ ಹೋಟೆಲಿಗೆ ಹೋದರೆ ಜಾಗ ಕೇಳುವ ಪದ್ಧತಿ ಇಲ್ಲ. ಉಣ್ಣುತ್ತಿರುವವರ ಬೆನ್ನ ಹಿಂದೆ ಹೋಗಿ ನಿಲ್ಲಬೇಕು. ಅವರು ಎದ್ದ ಕೂಡಲೇ ಬೆಂಚಿನ ಬಿಸಿ ಆರುವ ಮೊದಲು ಕೂತುಬಿಡಬೇಕು. ಎದುರಿಗೆ ಗುರುತಿಲ್ಲದವರು ಕೂತಿರುತ್ತಾರೆ, ಅದಕ್ಕೆ ಮುಜುಗರ ಬೇಡ. ಎರಡು ನಿಮಿಷದಲ್ಲಿ ತಟ್ಟೆ ಬರುತ್ತದೆ: ಕುಚ್ಚಲಕ್ಕಿ ಅನ್ನ, ಒಂದು ಪಲ್ಯ, ಉಪ್ಪಿನಕಾಯಿ, ಬಟ್ಟಲಿನಲ್ಲಿ ಕೆಂಪು ಸಾರು. ಫ್ರೈ ಬರಲು ಇನ್ನೂ ಹತ್ತು ಹದಿನೈದು ನಿಮಿಷ ಉಂಟು.

ಘಟ್ಟದ ಮೇಲಿನಿಂದ ಬಂದವರು ಫ್ರೈಗಾಗಿ ಕಾಯುತ್ತಾರೆ. ಊರವರು ಕಾಯುವುದಿಲ್ಲ. ಸಾರನ್ನು ಅನ್ನದ ಮೇಲೆ ಸುರಿದು ಒಂದು ತುತ್ತು ಬಾಯಿಗೆ ಹಾಕಿದರೆ ಆ ದಿನದ ತೀರ್ಪು ಅಲ್ಲೇ ಆಗುತ್ತದೆ. ಫ್ರೈಯಲ್ಲಿ ಮೆಣಸು, ಬೆಳ್ಳುಳ್ಳಿ, ಎಣ್ಣೆ ಎಲ್ಲ ಸೇರಿ ಸಾಧಾರಣ ಮೀನನ್ನೂ ದಾಟಿಸಿಬಿಡುತ್ತವೆ. ಸಾರಿಗೆ ಆ ಮರೆ ಇಲ್ಲ. ಮೇಲಾಗಿ ಅದು ಊಟದ ಜೊತೆ ಬಿಟ್ಟಿ, ಕೇಳಿದಷ್ಟು ಸಲ ಹಾಕುತ್ತಾರೆ. ಹೋಟೆಲಿನವರು ಖರ್ಚು ಉಳಿಸಬೇಕು ಎಂದು ಹೊರಟರೆ ಮೊದಲು ಕೈಹಾಕುವುದು ಅಲ್ಲಿಗೇ. ಹಾಗಾಗಿ ಸಾರಿನಲ್ಲಿ ಉಳಿಸದ ಮನೆ ಬೇರೆಲ್ಲೂ ಉಳಿಸಿರುವುದಿಲ್ಲ ಎಂದು ಧೈರ್ಯವಾಗಿ ನಂಬಬಹುದು. ಮೀನೂಟದ ಹೋಟೆಲನ್ನು ಅಳೆಯಲು ನಮಗೆ ಗೊತ್ತಿರುವ ಅಳತೆಗೋಲು ಇದೊಂದೇ.

ಹೊರಗಿನವರಿಗೆ ‘ಉಡುಪಿ ಹೋಟೆಲ್’ ಎಂದರೆ ಇಡ್ಲಿ, ಸಾಂಬಾರು, ಮಸಾಲೆದೋಸೆ. ಆದರೆ ಕೃಷ್ಣಮಠದಿಂದ ಮಲ್ಪೆಯ ಮೀನುಗಾರಿಕೆ ಬಂದರಿಗೆ ಐದಾರು ಕಿಲೋಮೀಟರ್ ಅಷ್ಟೇ. ಉಡುಪಿ ಪೇಟೆಯೊಳಗೇ ತಿಮ್ಮಪ್ಪ ಹೋಟೆಲಿನಂಥ ಮೀನೂಟದ ಜಾಗಗಳು ಉಂಟು. ಮಂಗಳೂರಿನಲ್ಲಿ ನಾರಾಯಣ, ಗಿರಿಮಂಜಾಸ್. ಕುಂದಾಪುರದಲ್ಲಿ ಶೆಟ್ಟಿ ಲಂಚ್ ಹೋಮ್ (ಅದು ಕೋಳಿ ಘೀ ರೋಸ್ಟಿಗೆ ಹೆಸರಾದದ್ದು, ಆ ಮಾತು ಬೇರೆ). ಇವೆಲ್ಲ ಊರೂರು ತಿಳಿದ ಹೆಸರುಗಳು. ಹೆಸರಿಲ್ಲದವು ಇನ್ನೂ ನೂರಾರು. ಮುಂದೆ ಮನೆಯವರು ಗಲ್ಲಾದಲ್ಲಿ, ಹಿಂದೆ ಮನೆಯವರು ಒಲೆಯ ಹತ್ತಿರ, ನಡುವೆ ಹತ್ತು ಮೇಜು. ಇಂಥ ಹೋಟೆಲಿನ ಬೋರ್ಡಿನಲ್ಲಿ ಮೀನಿನ ಹೆಸರು ಸೀಮೆಸುಣ್ಣದಲ್ಲಿ ಬರೆದಿರುತ್ತದೆ, ಅಥವಾ ಬರೆದೇ ಇರುವುದಿಲ್ಲ. ಅದು ಸೋಮಾರಿತನವಲ್ಲ. ಬೆಳಿಗ್ಗೆ ಮೀನು ಇಳಿಯುವ ದಕ್ಕೆಯಲ್ಲಿ ಏನು ಸಿಕ್ಕಿತು ಎನ್ನುವುದರ ಮೇಲೆ ಮಧ್ಯಾಹ್ನದ ಊಟ ನಿಂತಿರುವಾಗ ಮೆನು ಅಚ್ಚು ಹಾಕಿಸಿ ಪ್ರಯೋಜನ ಏನು?

ದಕ್ಕೆಯಲ್ಲಿ ಬೆಳಕು ಹರಿಯುವ ಮೊದಲೇ ಏಲಂ ಶುರುವಾಗುತ್ತದೆ. ಅಲ್ಲಿಗೆ ಬರುವ ಮೀನೆಲ್ಲ ಒಂದೇ ವಯಸ್ಸಿನದಲ್ಲ, ಇದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು 8–10 ದಿನ ಕಳೆದು ದಡಕ್ಕೆ ಬರುತ್ತದೆ. ಅದರ ಹೊಟ್ಟೆಯಲ್ಲಿ ಮೇಲೆ ಇರುವುದು ನಿನ್ನೆಯ ಮೀನು, ತಳದಲ್ಲಿರುವುದು ಹೋದ ವಾರದ್ದು. ಎರಡೂ ಐಸಿನಲ್ಲೇ ಇದ್ದವು, ಎರಡೂ ತಿನ್ನಲಿಕ್ಕೆ ಆಗುವಂಥವೇ, ಆದರೆ ಒಂದೇ ರುಚಿಯಲ್ಲ. ಪರ್ಸೀನ್ (ಸುತ್ತುಬಲೆ) ಬೋಟು ಬೆಳಿಗ್ಗೆ ಹೋಗಿ ಅದೇ ದಿನ ವಾಪಸು ಬರುವುದೇ ಹೆಚ್ಚು; ಬಂಗುಡೆ, ಬೂತಾಯಿ (ಸಾರ್ಡೀನ್) ರಾಶಿ ಬೀಳುವುದು ಅದರಿಂದ. ನಾಡದೋಣಿ, ಕೈರಂಪಣಿ, ಬೀಸುಬಲೆಯಲ್ಲಿ ಸಿಕ್ಕಿದ್ದು ಕೆಲವೇ ಬುಟ್ಟಿ. ಆದರೆ ಅದು ಐಸು ಕಾಣದ ಮೀನು. ಕಾಣೆ (ಲೇಡಿಫಿಶ್), ನಂಗ್ (ಸೋಲ್), ಸಣ್ಣ ಸಿಗಡಿಯಂಥವು ದಡದ ಹತ್ತಿರ, ಅಳಿವೆಯ ಬಾಯಲ್ಲಿ, ಮರಳು ಕೆಸರಿನ ತಳದಲ್ಲಿ ಸಿಗುವುದರಿಂದ ಅವು ಒಳ್ಳೆಯ ಸ್ಥಿತಿಯಲ್ಲಿ ಹೋಟೆಲಿಗೆ ತಲುಪುವ ಸಾಧ್ಯತೆ ಜಾಸ್ತಿ. ಅಂಜಲ್ (ಕಿಂಗ್‌ಫಿಶ್), ಮಾಂಜಿ (ಪಾಂಫ್ರೆಟ್) ದೂರದವು, ಐಸಿನವು. ಬೆಲೆ ಜಾಸ್ತಿ ಇದ್ದ ಮಾತ್ರಕ್ಕೆ ಮೀನು ತಾಜಾ ಎಂದು ತಿಳಿಯಬಾರದು. ಇನ್ನೂರು ಗ್ರಾಮಿಗೂ ಕಮ್ಮಿ ತೂಗುವ ಬಂಗುಡೆ, ದೊಡ್ಡ ಮಾಂಜಿಗಿಂತ ಎಷ್ಟೋ ದಿನ ಎಳೆಯದಾಗಿರಬಹುದು.

ಹೆಸರುಗಳದ್ದು ಇನ್ನೊಂದು ತೊಡಕು. ತುಳುವಿನ ಬೂತಾಯಿ ಕುಂದಾಪುರದಲ್ಲಿ ಬೈಗೆ, ಕೊಂಕಣಿಯಲ್ಲಿ ತಾರ್ಲೆ. ಸಿಗಡಿ ತುಳುವಿನಲ್ಲಿ ಎಟ್ಟಿ, ಕುಂದಾಪುರದಲ್ಲಿ ಚಟ್ಲಿ, ಕೊಂಕಣಿಯಲ್ಲಿ ಸುಂಗಟ. ಮಂಗಳೂರಿನ ಅಂಜಲ್ ಕಾರವಾರ ದಾಟಿದರೆ ಇಸೋಣ, ಮುಂಬೈಗೆ ಹೋದರೆ ಸುರ್ಮಾಯಿ. ಮರುವಾಯಿ ಎಂಬ ಚಿಪ್ಪಿನ ಜೀವಿ ಕುಮಟಾ ಕಡೆ ಬೆಳಚು. ಗೊತ್ತಾಗದಿದ್ದರೆ ಮೀನು ತೋರಿಸಿ ಎನ್ನಿ. ಮಸಾಲೆ ಹಚ್ಚಿದ ಮೀನುಗಳನ್ನು ತಟ್ಟೆಯಲ್ಲಿ ಜೋಡಿಸಿ ಮೇಜಿಗೇ ತಂದು ತೋರಿಸುವ ರೂಢಿ ಹಲವು ಕಡೆ ಉಂಟು. ಬೆರಳು ತೋರಿಸಿದರೆ ಸಾಕು.

“ಇವತ್ತು ಎಂತ ಲಾಯ್ಕುಂಟು ಅಣ್ಣ?” ಎನ್ನುವುದು ಕೇಳಬೇಕಾದ ಪ್ರಶ್ನೆ. “ಮಾಂಜಿ ಉಂಟಾ?” ಎಂದು ಕೇಳಿದರೆ ಉಂಟು ಎಂದೇ ಹೇಳುತ್ತಾರೆ, ಫ್ರೀಜರಿನಲ್ಲಿ ಇದ್ದರೂ ಉಂಟು ಎಂದೇ ಅರ್ಥ. ಲಾಯ್ಕು, ಅಂದರೆ ಚೆನ್ನಾಗಿರುವುದು, ಯಾವುದು ಎಂದು ಕೇಳಿದಾಗ ಹೇಳುವವರ ಮರ್ಯಾದೆಯ ಪ್ರಶ್ನೆ ಬರುತ್ತದೆ. ಸಪ್ಲಾಯರ್ ಒಂದು ಕ್ಷಣ ಯೋಚಿಸಿ “ಬಂಗುಡೆ ತಗೊಳ್ಳಿ” ಎಂದರೆ ತಗೊಳ್ಳಿ. ಅಗ್ಗದ ಮೀನನ್ನು ಶಿಫಾರಸು ಮಾಡುವವರಿಗೆ ಅದರಿಂದ ಲಾಭವೇನೂ ಇಲ್ಲ.

ದರದ ಬಗ್ಗೆ ಗೊಣಗುವವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ನಾಲ್ಕು ಕಿಲೋ ತೂಗುವ ಅಂಜಲ್ ಒಂದನ್ನು ಕಿಲೋಗೆ 800 ರೂಪಾಯಿಯಂತೆ ತಂದರು ಎಂದು ಇಟ್ಟುಕೊಳ್ಳಿ. 3,200 ರೂಪಾಯಿ ಆಯಿತು. ತಲೆ, ಬಾಲ, ಕರುಳು, ಕಿವಿರು ಎಲ್ಲ ತೆಗೆದರೆ ಫ್ರೈಗೆ ಆಗುವ ತುಂಡು ಸುಮಾರು 2 ಕಿಲೋ 700 ಗ್ರಾಂ. ಕೊಯ್ದರೆ ಒಂದೊಂದು 150 ಗ್ರಾಮಿನ ಹದಿನೆಂಟು ತುಂಡು. ತುಂಡಿಗೆ 178 ರೂಪಾಯಿ ಮೀನಿಗೇ ಹೋಯಿತು. ಮಸಾಲೆ, ತೆಂಗಿನೆಣ್ಣೆ, ಗ್ಯಾಸ್, ಕೂಲಿ, ಬಾಡಿಗೆ ಇನ್ನೂ ಸೇರಿಲ್ಲ. ಆದರೆ ತಲೆ ಮತ್ತು ಬಾಲ ವ್ಯರ್ಥವಾಗಲಿಲ್ಲ. ಅವು ಸಾರಿನ ಪಾತ್ರೆಗೆ ಹೋದವು. ನೀವು ಬಿಟ್ಟಿ ಎಂದುಕೊಂಡ ಸಾರಿನ ರುಚಿಗೆ ಪಕ್ಕದ ಮೇಜಿನವರ ಅಂಜಲ್ ಫ್ರೈಯೇ ದುಡ್ಡು ಕೊಟ್ಟಿದೆ. ಮನೆಯವರೇ ಇಡೀ ಮೀನು ತಂದು, ಮೆಟ್ಟುಕತ್ತಿಯಲ್ಲಿ ಅಲ್ಲೇ ಕೊಯ್ಯುವ ಹೋಟೆಲಿನ ಸಾರಿಗೂ, ತುಂಡು ಮಾಡಿ ಪ್ಯಾಕ್ ಆದ ಮೀನು ತರಿಸುವ ಹೋಟೆಲಿನ ಸಾರಿಗೂ ಇರುವ ವ್ಯತ್ಯಾಸ ಇದೇ. ಪ್ಯಾಕಿನಲ್ಲಿ ತಲೆ ಬರುವುದಿಲ್ಲ.

ಸಾರಿನ ಒಳಗಿನ ಸಂಗತಿ ಸ್ವಲ್ಪ ವಿವರವಾಗಿ ಹೇಳಬೇಕು. ಮನೆಮಟ್ಟಿಗೆ ಒಂದು ಕಿಲೋ ಬಂಗುಡೆಯ ಗಸಿಗೆ (ಕಾಯಿ ಅರೆದು ಮಾಡುವ ದಪ್ಪ ಸಾರು), ಅಂದರೆ ಏಳೆಂಟು ಮೀನಿಗೆ, ಅರೆಯಲು ಬೇಕಾದದ್ದು ಇಷ್ಟು: 15–18 ಬ್ಯಾಡಗಿ ಮೆಣಸು, ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಸಣ್ಣ ಚಮಚ ಜೀರಿಗೆ, ಕಾಲು ಚಮಚ ಮೆಂತೆ, ಅರ್ಧ ಚಮಚ ಓಮ, ಏಳೆಂಟು ಕಾಳುಮೆಣಸು, ಅರ್ಧ ಚಮಚ ಅರಿಸಿನ, ಆರು ಎಸಳು ಬೆಳ್ಳುಳ್ಳಿ, ಒಂದು ಈರುಳ್ಳಿ, ನಿಂಬೆಗಾತ್ರದ ಹುಣಸೆಹುಳಿ, ಒಂದು ತೆಂಗಿನಕಾಯಿಯ ತುರಿ. ಬ್ಯಾಡಗಿ ಮೆಣಸು ಬಣ್ಣಕ್ಕೆ, ಖಾರಕ್ಕಲ್ಲ. ಖಾರ ಬೇಕಾದರೆ ಮೂರ್ನಾಲ್ಕು ಗುಂಟೂರು ಸೇರಿಸುತ್ತಾರೆ. ಕಾಳುಗಳನ್ನು ಒಂದೊಂದಾಗಿ ಬೇರೆ ಬೇರೆ ಹುರಿಯಬೇಕು. ಕೊತ್ತಂಬರಿ ಹದಕ್ಕೆ ಬರುವಷ್ಟರಲ್ಲಿ ಮೆಂತೆ ಕಪ್ಪಾಗಿರುತ್ತದೆ, ಕಪ್ಪಾದ ಮೆಂತೆ ಇಡೀ ಪಾತ್ರೆಯನ್ನು ಕಹಿ ಮಾಡುತ್ತದೆ. ಓಮ ಬಂಗುಡೆಗೆ ಒಪ್ಪುತ್ತದೆ. ಅದರ ಎಣ್ಣೆಯಂಶಕ್ಕೆ ಒಂದು ಕಡಿವಾಣ ಹಾಕಿದ ಹಾಗೆ. ಕಾಣೆಯಂಥ ನಯವಾದ ಮೀನಿಗೆ ಓಮ ಹಾಕಿದರೆ ಮೀನೇ ಮಾಯ.

ಅರೆಯುವಿಕೆಯಲ್ಲೇ ಅರ್ಧ ಸೋಲು ಗೆಲುವು. ಮೊದಲು ಮಸಾಲೆ ನುಣ್ಣಗಾಗಬೇಕು, ಆಮೇಲೆ ಕಾಯಿ ಸೇರಿಸಿ ಮತ್ತೆ ಬೆಣ್ಣೆಯಷ್ಟು ನುಣ್ಣಗೆ. ಕಾಯಿ ತರಿತರಿಯಾಗಿ ಉಳಿದರೆ ಸಾರು ಅನ್ನದ ಮೇಲೆ ನಿಲ್ಲದೆ ನೀರು ಒಂದು ಕಡೆ, ತರಿ ಒಂದು ಕಡೆ ಹರಿದುಹೋಗುತ್ತದೆ. ಅರೆದ ಮಸಾಲೆಗೆ ನೀರು, ಉಪ್ಪು, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸು ಹಾಕಿ ಮೊದಲು ಅದನ್ನೇ ಚೆನ್ನಾಗಿ ಕುದಿಸಿ, ಹಸಿ ವಾಸನೆ ಹೋದ ಮೇಲೆ ಮೀನು ಬಿಡಬೇಕು. ಹುಳಿ ಮೀನಿಗಿಂತ ಮೊದಲೇ ಸಾರಿನಲ್ಲಿರಬೇಕು. ಮೀನಿನ ನಾತ ಬರುವುದು ಅಮೋನಿಯದ ಬಳಗಕ್ಕೆ ಸೇರಿದ ಒಂದು ಪದಾರ್ಥದಿಂದ. ಹುಳಿಯ ಜೊತೆ ಸೇರಿದಾಗ ಅದು ಗಾಳಿಗೆ ಏರುವುದಿಲ್ಲ. ಹುಳಿ ಮೀನಿನ ಮಾಂಸವನ್ನೂ ಸ್ವಲ್ಪ ಬಿಗಿ ಮಾಡುತ್ತದೆ, ತುಂಡು ಒಡೆಯುವುದಿಲ್ಲ. ಮೀನು ಬಿದ್ದ ಮೇಲೆ ಸಣ್ಣ ಉರಿಯಲ್ಲಿ ಆರರಿಂದ ಎಂಟು ನಿಮಿಷ. ಸೌಟು ಹಾಕಿ ತಿರುಗಿಸಬಾರದು. ಪಾತ್ರೆಯ ಎರಡು ಕಿವಿ ಹಿಡಿದು ಅಲುಗಿಸಬೇಕು. ಮಣ್ಣಿನ ಬಿಸಲೆಯಲ್ಲಿ ಮಾಡಿದರೆ ಎರಡು ನಿಮಿಷ ಮೊದಲೇ ಇಳಿಸಿ, ಉಳಿದದ್ದನ್ನು ಮಣ್ಣಿನ ಬಿಸಿಯೇ ಬೇಯಿಸುತ್ತದೆ.

ಹೋಟೆಲಿನಲ್ಲಿ ನೂರು ಊಟ ಎಂದರೆ ಇಪ್ಪತ್ತು ಲೀಟರ್ ಸಾರಾದರೂ ಬೇಕು. ಸ್ವಲ್ಪ ತೆಳುವಾಗಿ ಮಾಡಿದರೂ ಹನ್ನೆರಡರಿಂದ ಹದಿನೈದು ಕಾಯಿ ಬೇಕಾಗುತ್ತದೆ. ಕಾಯಿಯ ಬೆಲೆ ಏರಿದ ವರ್ಷ ಹೋಟೆಲಿನವರ ಪ್ರಾಮಾಣಿಕತೆ ಪರೀಕ್ಷೆಗೆ ಒಳಗಾಗುವುದು ಇಲ್ಲಿ. ಅಕ್ಕಿ ನೆನೆಹಾಕಿ ಅರೆದು ಸೇರಿಸಿದರೆ, ಹುರಿಗಡಲೆ ಹಾಕಿದರೆ ಸಾರು ದಪ್ಪಗೇನೋ ಆಗುತ್ತದೆ. ಆದರೆ ಬಟ್ಟಲಿನಲ್ಲಿ ಐದು ನಿಮಿಷ ಬಿಟ್ಟರೆ ಮೇಲೆ ಕೆನೆಯ ಹಾಗೆ ಒಂದು ಪೊರೆ ಕಟ್ಟುತ್ತದೆ, ತುತ್ತು ನುಂಗಿದ ಮೇಲೆ ನಾಲಿಗೆಗೆ ಗೋಂದಿನಂಥ ಅಂಟು ಉಳಿಯುತ್ತದೆ, ಕಾಯಿಯ ಸಣ್ಣ ಸಿಹಿ ಸಿಗುವುದಿಲ್ಲ. ಇನ್ನೊಂದು ದೋಷ ಎರಡು ಗಂಟೆಯ ನಂತರದ್ದು. ಜನ ಜಾಸ್ತಿ ಬಂದರು ಎಂದು ಉಳಿದ ಸಾರಿಗೆ ಬಿಸಿನೀರು ಸುರಿದರೆ ಬಣ್ಣ ಉಳಿದು ಉಪ್ಪು, ಹುಳಿ ಎರಡೂ ಜಾರಿಹೋಗುತ್ತವೆ. ಮೊದಲ ಸಲ ಹಾಕಿದ ಸಾರಿಗೂ ಮೂರನೆಯ ಸಲ ಹಾಕಿದ ಸಾರಿಗೂ ರುಚಿ ಬೇರೆ ಎನಿಸಿದರೆ ಹೀಗಾಗಿದೆ ಎಂದು ಅರ್ಥ. ಒಳ್ಳೆಯ ಮನೆಯಲ್ಲಿ ಸಾರು ಮುಗಿದರೆ ಮುಗಿಯಿತು ಎನ್ನುತ್ತಾರೆ.

ಇನ್ನೊಂದು ಬಗೆಯ ಸಾರು ಪುಳಿಮುಂಚಿ, ಅದರಲ್ಲಿ ಕಾಯಿ ಇಲ್ಲ. ಹೆಸರೇ ಹೇಳುವಂತೆ ಹುಳಿ ಮತ್ತು ಮೆಣಸು, ಬೂತಾಯಿಗೆ ಹೇಳಿ ಮಾಡಿಸಿದ್ದು. ಮಳೆ ಕಳೆದ ಮೇಲೆ ಸಿಗುವ ಕೊಬ್ಬಿದ ಬೂತಾಯಿಗೆ ಕಾಯಿಯ ಕೊಬ್ಬನ್ನೂ ಸೇರಿಸಿದರೆ ಬಾಯಿ ಜಿಡ್ಡಾಗುತ್ತದೆ. ಮಾಡಿದ ದಿನಕ್ಕಿಂತ ಮರುದಿನ ನೀರುದೋಸೆಯ ಜೊತೆ ಇದರ ಗಮ್ಮತ್ತು ಹೆಚ್ಚು.

ಉತ್ತರಕ್ಕೆ ಹೋದಂತೆ ಹುಳಿ ಬದಲಾಗುತ್ತದೆ. ಮಂಗಳೂರಿನಲ್ಲಿ ಹುಣಸೆ, ಮನೆಗಳಲ್ಲಿ ಬಿಂಬುಳಿ, ಅಂಬಟೆ, ಮಾವಿನಕಾಯಿ. ಕುಮಟಾ, ಅಂಕೋಲಾ, ಕಾರವಾರ ದಾಟುವಾಗ ಮುರುಗಲು (ಕೋಕಂ) ಬರುತ್ತದೆ, ಊಟದ ಕೊನೆಗೆ ಅದರದೇ ಪಾನೀಯ ಸೋಲ್‌ಕಡಿಯೂ ಬರುತ್ತದೆ. ಕೊಂಕಣಿ ಮನೆಗಳ ಬಂಗುಡೆ ಸಾರಿನಲ್ಲಿ ತೆಪ್ಪಲ ಎಂಬ ಕಾಡಿನ ಕಾಯಿ ಹಾಕಿ ಈರುಳ್ಳಿ, ಬೆಳ್ಳುಳ್ಳಿ ಎರಡನ್ನೂ ಬಿಡುವ ಕ್ರಮವೂ ಉಂಟು. ತೆಪ್ಪಲವನ್ನು ಅರೆಯಬಾರದು. ಒಳಗಿನ ಕಪ್ಪು ಬೀಜ ತೆಗೆದು, ಸಿಪ್ಪೆಯನ್ನು ಸ್ವಲ್ಪ ಜಜ್ಜಿ ಕೊನೆಗೆ ಹಾಕಬೇಕು. ಬಾಯಿಗೆ ಸಿಕ್ಕಿದರೆ ನಾಲಿಗೆ ಜುಮ್ಮೆನ್ನುತ್ತದೆ, ಹಾಗಾಗಿಯೇ ಅದಕ್ಕೆ ಜುಮ್ಮನಕಾಯಿ ಎಂದು ಹೆಸರು. ಹೆದರುವಂಥದ್ದಲ್ಲ.

ಆದರೆ ತೆಪ್ಪಲವೇ ಇಲ್ಲದ ಊಟದಲ್ಲಿ ನಾಲಿಗೆ ಚುರುಗುಟ್ಟಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಬಂಗುಡೆ, ಬೂತಾಯಿ, ಅಂಜಲ್, ಕೇದರ (ಟ್ಯೂನಾ) ಜಾತಿಯ ಮೀನುಗಳನ್ನು ಹಿಡಿದ ಮೇಲೆ ಐಸಿಲ್ಲದೆ ಬಿಟ್ಟರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಆಮೇಲೆ ಐಸು ಹಾಕಿದರೂ, ಎಷ್ಟು ಕುದಿಸಿದರೂ, ಕರಿದರೂ ಅದು ಹೋಗುವುದಿಲ್ಲ. ಉಂಡ ಹತ್ತು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು ಬರಬಹುದು. ಜನ ಇದನ್ನು ‘ಮೀನಿನ ಅಲರ್ಜಿ’ ಎಂದುಕೊಂಡು ಜೀವಮಾನವಿಡೀ ಬಂಗುಡೆ ಬಿಡುವುದುಂಟು. ಅಲರ್ಜಿಯೇ ಹೌದೋ ಅಲ್ಲವೋ ವೈದ್ಯರು ಹೇಳಬೇಕು, ತಪ್ಪು ಆ ದಿನದ ಮೀನಿನದೂ ಆಗಿರಬಹುದು. ಬೋಟಿನಲ್ಲಿ, ಬುಟ್ಟಿಯಲ್ಲಿ ಮೀನಿನ ತೂಕದಷ್ಟೇ ಐಸು ಇರಬೇಕು ಎನ್ನುವ ಲೆಕ್ಕ ಇರುವುದು ಈ ಕಾರಣಕ್ಕೆ.

ಮಸಾಲೆ ಹಚ್ಚಿ ತಟ್ಟೆಯಲ್ಲಿಟ್ಟ ಮೀನಿನ ತಾಜಾತನ ನೋಡುವುದು ಹೇಗೆ? ಕಿವಿರು ತೆಗೆದಾಗಿರುತ್ತದೆ, ಕೆಂಪು ಬಣ್ಣ ನೋಡಲಿಕ್ಕಾಗುವುದಿಲ್ಲ. ಕಣ್ಣು ನೋಡಿ: ಉಬ್ಬಿದ್ದರೆ ಒಳ್ಳೆಯದು, ಗುಂಡಿ ಬಿದ್ದು ಬೆಳ್ಳಗಾಗಿದ್ದರೆ ಬೇಡ. ಹೊಟ್ಟೆಯ ಸೀಳಿನ ಅಂಚು ನೋಡಿ: ಬಿಗಿಯಾಗಿ ಸೇರಿಕೊಂಡಿದೆಯೋ, ಪಕ್ಕೆಲುಬು ಮಾಂಸ ಬಿಟ್ಟು ಎದ್ದು ಕಾಣುತ್ತಿದೆಯೋ. ಬೆಂದ ಮೇಲೂ ಸುಳಿವು ಸಿಗುತ್ತದೆ. ತಾಜಾ ಮೀನಿನ ಮಾಂಸ ಎಸಳು ಎಸಳಾಗಿ, ಒದ್ದೆ ಹೊಳಪಿನಲ್ಲಿ ಬಿಡಿಸಿಕೊಳ್ಳುತ್ತದೆ. ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇದ್ದದ್ದು ಒಣ ನಾರಿನ ಹಾಗೆ ಬರುತ್ತದೆ. ಕೈಯಲ್ಲಿ ಹಿಟ್ಟಾದರೆ ಅದು ಹಳತು.

ಇನ್ನು ತವಾ. ಕರಾವಳಿಯ ತವಾ ಫ್ರೈ ಎಂದರೆ ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದಲ್ಲ. ದಪ್ಪ ಕಬ್ಬಿಣದ ಕಾವಲಿಯ ಮೇಲೆ ಸ್ವಲ್ಪ ತೆಂಗಿನೆಣ್ಣೆ, ಅದರ ಮೇಲೆ ಮಸಾಲೆಯಲ್ಲಿ ನೆನೆದ ಮೀನು. ಮಸಾಲೆಗೆ ಮೆಣಸು, ಬೆಳ್ಳುಳ್ಳಿ, ಹುಳಿ, ಅರಿಸಿನ, ಉಪ್ಪು, ಹಿಡಿತಕ್ಕೆ ಒಂದು ಚಮಚ ಅಕ್ಕಿಹಿಟ್ಟು. ಅರೆಯುವಾಗ ನೀರು ಆದಷ್ಟು ಕಮ್ಮಿ. ಬಂಗುಡೆಗೆ ಎರಡೂ ಬದಿಯಲ್ಲಿ ಮೂರು ಮೂರು ಓರೆ ಗೀರು. ಮಸಾಲೆ ಒಳಗೆ ಇಳಿಯಲಿ ಎಂಬುದು ಒಂದು ಕಾರಣ. ತೀರಾ ತಾಜಾ ಮೀನಿನ ಚರ್ಮ ಬಿಸಿಗೆ ಕುಗ್ಗಿ ಮೀನೇ ಬಿಲ್ಲಿನ ಹಾಗೆ ಬಾಗುತ್ತದೆ, ಗೀರು ಇದ್ದರೆ ಬಾಗುವುದಿಲ್ಲ. ಇದು ಎರಡನೆಯ ಕಾರಣ. ಬೆನ್ನುಮೂಳೆಗೆ ಅಂಟಿದ ರಕ್ತದ ಗೆರೆಯನ್ನು ಉಗುರಿನಿಂದ ಕೆರೆದು ತೊಳೆಯದಿದ್ದರೆ ಆ ಜಾಗ ಕಪ್ಪಾಗಿ ಕಹಿಯಾಗುತ್ತದೆ.

ಬಂಗುಡೆಗೆ ಒಂದೊಂದು ಬದಿಗೆ ನಾಲ್ಕೈದು ನಿಮಿಷ, ಅಂಜಲ್ ತುಂಡಿಗೆ ಮೂರ್ನಾಲ್ಕು. ಅಂಟಿಕೊಳ್ಳುವುದಕ್ಕೆ ಕಾರಣ ಮೂರು: ಕಾವಲಿ ಕಾಯದಿರುವುದು, ಮೀನಿನಲ್ಲಿ ನೀರು ಉಳಿದಿರುವುದು, ಅವಸರದಲ್ಲಿ ಮಗುಚುವುದು. ತಳ ಗರಿಯಾದಾಗ ಮೀನು ತಾನಾಗಿ ಕಾವಲಿ ಬಿಡುತ್ತದೆ, ಬಿಡದಿದ್ದರೆ ಹೊತ್ತಾಗಿಲ್ಲ ಎಂದರ್ಥ. ಬೆಳ್ಳುಳ್ಳಿ ತರಿಯಾಗಿ ಉಳಿದಿದ್ದರೆ ಅದೇ ಮೊದಲು ಸುಟ್ಟು ಕಪ್ಪು ಚುಕ್ಕೆಯಾಗುತ್ತದೆ. ಒಂದೂವರೆಯ ನೂಕುನುಗ್ಗಲಿನಲ್ಲಿ ಇಪ್ಪತ್ತು ಮೀನನ್ನು ಒಟ್ಟಿಗೆ ಹಾಕಿದರೆ ಕಾವಲಿ ತಣಿದು, ಮೀನು ಹುರಿಯುವ ಬದಲು ತನ್ನ ನೀರಿನಲ್ಲೇ ಬೇಯುತ್ತದೆ; ಮಸಾಲೆ ಜಾರಿ ಕಾವಲಿಯಲ್ಲೇ ಉಳಿಯುತ್ತದೆ. ಹಾಗೆ ಉಳಿದ ಮಸಾಲೆ ಗರಿಗರಿಯಾಗಿದ್ದರೆ ಮಾತ್ರ ಅದನ್ನು ಕೆರೆದು ಮೀನಿನ ಮೇಲೆ ಹಾಕಿ ಎಂದು ಕೇಳಿ ಪಡೆಯುವವರುಂಟು. ಕೇಳಬಹುದು, ತಪ್ಪೇನಿಲ್ಲ.

ರವಾ ಫ್ರೈ ಬಗ್ಗೆ ನಮ್ಮದು ಸ್ವಲ್ಪ ಕಟು ಅಭಿಪ್ರಾಯ. ಕಾಣೆಗೆ ಅದು ಸರಿ. ಮಾಂಸ ಮೃದು, ತೆಳ್ಳನೆಯ ರವೆಯ ಕವಚ ಅದನ್ನು ಕಾಪಾಡುತ್ತದೆ. ಮಿಕ್ಕ ಮೀನಿಗೆ ರವೆ ಹಚ್ಚಿದರೆ ತಿನ್ನುವುದು ರವೆಯನ್ನೇ. ಅದಕ್ಕೂ ಸಣ್ಣ ರವೆಯೇ ಆಗಬೇಕು, ಉಪ್ಪಿಟ್ಟಿನ ದಪ್ಪ ರವೆ ಹಲ್ಲಿಗೆ ಮರಳು ಸಿಕ್ಕಿದ ಹಾಗೆ ಆಗುತ್ತದೆ.

ಮುಳ್ಳಿನ ಭಯಕ್ಕೆ ಮೀನು ಬಿಟ್ಟವರು ಕಾಣೆಯಿಂದ ಶುರು ಮಾಡಬಹುದು. ಬೆನ್ನಿನ ಉದ್ದಕ್ಕೂ ಬೆರಳಿನಿಂದ ಮೆಲ್ಲಗೆ ಒತ್ತಿ, ಮೇಲಿನ ಬದಿಯ ಮಾಂಸ ಸರಿಸಿ, ತಲೆ ಹಿಡಿದು ಎತ್ತಿದರೆ ನಡುಮೂಳೆ ಇಡೀ ಬಾಚಣಿಗೆಯ ಹಾಗೆ ಎದ್ದುಬರುತ್ತದೆ. ಬಂಗುಡೆಯಲ್ಲಿ ಬೆನ್ನಿನ ಮೇಲ್ಭಾಗದಿಂದ ಹೊರಟು ಹೊಟ್ಟೆಯ ಕಡೆಗೆ ಬನ್ನಿ. ಪಕ್ಕೆಲುಬಿನ ಸಣ್ಣ ಮುಳ್ಳು ಹೊಟ್ಟೆಯ ಅಂಚಿನಲ್ಲಿ ಸೇರಿಕೊಂಡಿರುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಬೂತಾಯಿಗೆ ಅಭ್ಯಾಸ ಬೇಕು. ಮಕ್ಕಳಿಗೆ ಅಂಜಲ್, ಮುರು ಮೀನು. ಮುಳ್ಳು ಗಂಟಲಲ್ಲಿ ಸಿಕ್ಕಿದರೆ ಅನ್ನದ ಉಂಡೆ ನುಂಗು ಎಂದು ಎದುರಿನ ಮೇಜಿನವರೂ ಹೇಳುತ್ತಾರೆ. ಬೇಡ. ಉಂಡೆ ಮುಳ್ಳನ್ನು ಇನ್ನೂ ಆಳಕ್ಕೆ ತಳ್ಳಬಹುದು. ಕೆಮ್ಮಿ ನೋಡಿ; ಚುಚ್ಚುವುದು ನಿಲ್ಲದಿದ್ದರೆ ಗಂಟಲಿನ ವೈದ್ಯರ ಹತ್ತಿರ ಹೋಗಿ.

ಚಿಪ್ಪಿನ ಜೀವಿಗಳ ನಿಯಮ ಬೇರೆ. ಮರುವಾಯಿಯನ್ನು ಉಪ್ಪುನೀರಿನಲ್ಲಿ ಕೆಲವು ಗಂಟೆ ಬಿಟ್ಟರೆ ಒಳಗಿನ ಮರಳು ಉಗುಳುತ್ತದೆ. ಈ ಕೆಲಸ ತಪ್ಪಿಸಿದ ಹೋಟೆಲು ಮೊದಲ ತುತ್ತಿಗೇ ಸಿಕ್ಕಿಬೀಳುತ್ತದೆ. ಅಡುಗೆಗೆ ಮೊದಲೇ ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚದ ಚಿಪ್ಪು ಸತ್ತದ್ದು. ಬೆಂದ ಮೇಲೂ ತೆರೆಯದ್ದನ್ನು ಬಲವಂತವಾಗಿ ತೆರೆದು ತಿನ್ನಬಾರದು. ಕುಮಟಾ ಬಳಿಯ ಅಘನಾಶಿನಿ ಅಳಿವೆ ಬೆಳಚಿಗೆ ಹೆಸರಾದದ್ದು, 2024ರಲ್ಲಿ ಅದು ರಾಮ್ಸಾರ್ ತಾಣಗಳ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ) ಪಟ್ಟಿಗೂ ಸೇರಿತು. ಏಡಿಯನ್ನು ಗಾತ್ರ ನೋಡಿ ಆರಿಸಬೇಡಿ, ಕೈಯಲ್ಲಿ ಹಿಡಿದು ನೋಡಿ. ಗಾತ್ರಕ್ಕೆ ಮೀರಿದ ಭಾರ ಇದ್ದರೆ ಒಳಗೆ ಮಾಂಸ ತುಂಬಿದೆ; ಹಗುರ ಇದ್ದರೆ ಆಗಷ್ಟೇ ಚಿಪ್ಪು ಕಳಚಿ ಹೊಸ ಚಿಪ್ಪಿನೊಳಗೆ ನೀರು ತುಂಬಿಕೊಂಡಿದೆ.

ಯಾವಾಗ ಹೋಗಬಾರದು ಎಂದರೆ ಜೂನ್ ಮೊದಲೆರಡು ವಾರ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಜೂನ್ 1ರಿಂದ 14ರವರೆಗೆ ಎರಡು ಕಡೆಯೂ ಬಂದ್. ಆಗ ಸಿಗುವುದು ಫ್ರೀಜರ್ ಮೀನು, ಇಲ್ಲವೇ ಕಣ್ಣು ತಿರುಗುವ ದರ. ಹದಿನೈದರ ನಂತರ ತಮಿಳುನಾಡು, ಆಂಧ್ರದ ಮೀನು ಲಾರಿಯಲ್ಲಿ ಬರತೊಡಗುತ್ತದೆ. ಕಡಲು ಸ್ವಲ್ಪ ತಣ್ಣಗಾದ ದಿನ ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗಳು ಹೋಗುತ್ತವೆ. ಅವು ತಂದ ಮೀನು ಎಲ್ಲಿ ಸಿಕ್ಕಿದರೂ ಕಣ್ಣುಮುಚ್ಚಿ ತಗೊಳ್ಳಿ. ಕೆಲವು ಕುಟುಂಬದ ಹೋಟೆಲುಗಳು ಈ ಎರಡು ತಿಂಗಳಲ್ಲಿ ಫ್ರೈಯ ಪಟ್ಟಿಯನ್ನು ಎರಡು ಮೂರಕ್ಕೆ ಇಳಿಸಿ, ಒಣಸಿಗಡಿ ಚಟ್ನಿ, ಒಣಮೀನಿನ ಸಾರು, ಹೊಳೆ ಮೀನು ಎಂದು ಹೊಂದಿಸಿಕೊಳ್ಳುತ್ತವೆ. ಪಟ್ಟಿ ಸಣ್ಣದಾದದ್ದು ನೋಡಿ ಎದ್ದು ಹೋಗಬೇಡಿ. ಜೂನ್ ಹತ್ತಕ್ಕೂ ಹದಿನೈದು ಬಗೆಯ ಮೀನು ಉಂಟು ಎನ್ನುವ ಕಡೆ ಯೋಚನೆ ಮಾಡಿ.

ಮುಂಬೈಯ ಫೋರ್ಟ್ (ಕೋಟೆ) ಪ್ರದೇಶದಲ್ಲಿ ‘ಲಂಚ್ ಹೋಮ್’ ಎಂಬ ಫಲಕ ಕಂಡರೆ ಅದು ಇದೇ ಕರಾವಳಿಯ ಕವಲು. ಊರು ಬಿಟ್ಟು ಹೋದ ಮಂಗಳೂರು ಕಡೆಯವರು ಕಚೇರಿಗೆ ಹೋಗುವವರಿಗಾಗಿ ಮಧ್ಯಾಹ್ನದ ಊಟಕ್ಕೆ ಶುರು ಮಾಡಿದವು. 1970ರ ದಶಕದ ಮಹೇಶ್ ಲಂಚ್ ಹೋಮ್ ಅವುಗಳಲ್ಲಿ ಹೆಸರುವಾಸಿ. ಅಲ್ಲಿ ಬೆಣ್ಣೆ, ಬೆಳ್ಳುಳ್ಳಿ, ಕಾಳುಮೆಣಸಿನ ಏಡಿ ಪ್ರಸಿದ್ಧವಾಯಿತು. ಈಗ ಅದು ಮಂಗಳೂರಿಗೇ ವಾಪಸು ಬಂದು ಇಲ್ಲಿಯದೇ ಎಂಬಂತೆ ಮೆನುವಿನಲ್ಲಿ ಕೂತಿದೆ.

ಹೊತ್ತಿನ ವಿಷಯ. ಹನ್ನೆರಡೂಕಾಲಕ್ಕೆ ಹೋದರೆ ಸಾರು ಆಗಷ್ಟೇ ಇಳಿದು ಬಿಸಿ ಇರುತ್ತದೆ, ಮೀನಿನ ರಸ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಒಂದು ಗಂಟೆಗೆ ಸಾರು ಹದಕ್ಕೆ ಬಂದಿರುತ್ತದೆ, ಜಾಗ ಇರುವುದಿಲ್ಲ. ಎರಡೂವರೆಗೆ ಜಾಗ ಇರುತ್ತದೆ, ಕಾಣೆ, ನಂಗ್ ಮುಗಿದಿರುತ್ತವೆ. ಹನ್ನೆರಡೂ ಮುಕ್ಕಾಲು ಎನ್ನುವುದು ನಮ್ಮ ಲೆಕ್ಕ. ಕೂರುವ ಮೊದಲೇ ಫ್ರೈ ಹೇಳಿಬಿಡಿ. ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವ ಹೊತ್ತಿಗೆ ಅದು ಬಿಸಿಬಿಸಿ ಬರುತ್ತದೆ. ಮೊದಲ ಸಲದ ಅನ್ನ ಸಾರಿಗೇ ಮೀಸಲು. ಕುಚ್ಚಲಕ್ಕಿ ಅನ್ನ ಬಿಡಿಬಿಡಿಯಾಗಿ ಗಟ್ಟಿಯಿರುವುದರಿಂದ ಕಾಯಿಯ ಸಾರನ್ನು ತಡೆದುಕೊಳ್ಳುತ್ತದೆ, ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನ ಹಾಕಿಸಿಕೊಂಡರೆ ಕಲಸುವಷ್ಟರಲ್ಲಿ ಮುದ್ದೆಯಾಗುತ್ತದೆ.

ಬಿಲ್ಲು ಬರೆದು ಕೊಡುವುದು ಕಮ್ಮಿ. ಗಲ್ಲಾದ ಹತ್ತಿರ ಹೋದಾಗ ಸಪ್ಲಾಯರ್ ಆ ಕಡೆಯಿಂದಲೇ “ಎರಡು ಊಟ, ಒಂದು ಬಂಗುಡೆ, ಒಂದು ಕಾಣೆ” ಎಂದು ಕೂಗುತ್ತಾನೆ. ಪಾರ್ಸೆಲ್ ಬೇಕಾದರೆ ತವಾ ಫ್ರೈ ಕಟ್ಟಿಸಬೇಡಿ, ಹಬೆಗೆ ಮಸಾಲೆ ಒದ್ದೆಯಾಗಿ ಮನೆ ತಲುಪುವಷ್ಟರಲ್ಲಿ ಕಳಚಿಕೊಂಡಿರುತ್ತದೆ. ಗಸಿ ಕಟ್ಟಿಸಿಕೊಳ್ಳಿ. ತಣಿದ ಕೂಡಲೇ ಫ್ರಿಜ್ಜಿನಲ್ಲಿಟ್ಟು, ಮರುದಿನ ನೀರು ಸೇರಿಸದೆ ಸಣ್ಣ ಉರಿಯಲ್ಲಿ ಒಂದು ಕುದಿ ಬರಿಸಿದರೆ ಸಾಕು. ಪಾರ್ಸೆಲಿನ ಸಾರಿಗೆ ಮಾತ್ರ ದುಡ್ಡು ತಗೊಳ್ಳುತ್ತಾರೆ.